ನಾಳೆಯಿಂದ ಬರಬೇಡ

೧೪ ಮಾರ್ಚ್, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಇಷ್ಟು ಹೊತ್ತಿಗೆ ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ, ಬೈದುಕೋ. ನಾವು ಕ್ಷೇಮ. ನಿನ್ನ ಭಾವನ ಕನ್ನಡಕ ಬದಲಾಯಿತು, ಗೊಣಗಾಟ ಬದಲಾಗಿಲ್ಲ.

ತಡವಾಗಲು ಕಾರಣವಿದೆ. ನಿನ್ನ ಕಾಗದ ಬಂದ ನಾಲ್ಕನೆಯ ದಿನ ಗುರುಗಳು ಹೋದರು. ಮಧ್ಯಾಹ್ನ ಊಟ ಮಾಡಿ, ತಮ್ಮ ಅಂಗಡಿಯ ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಒಂದು ದಿನವೂ ನರಳಲಿಲ್ಲ. ನಾನು ಅತ್ತು ಮುಗಿಸಿ, ಆಮೇಲೆ ಅಂಗಡಿ ಗುಡಿಸಿದೆ.

ಇನ್ನು ನಿನ್ನ ಪ್ರಶ್ನೆ. ನೀನಿರುವ ಊರಿನ ಹತ್ತಿಪ್ಪತ್ತು ಜನ ಬಂದು ‘ನಮಗೆ ಗುರುವಾಗಿ ದಾರಿ ತೋರಿಸಿ’ ಎನ್ನುತ್ತಿದ್ದಾರೆ. ಗುರುವೇ ಹೊರಗೆ ಹಾಕಿದ ನಾನು ಆ ಜಾಗದಲ್ಲಿ ಹೇಗೆ ಕೂರಲಿ, ಆಗುವುದಿಲ್ಲ ಎಂದುಬಿಡಲೇ, ಎಂದು ಕೇಳಿದ್ದೀಯ. ಕೂರು. ನಾನು ಹೇಳುತ್ತಿದ್ದೇನೆ, ಕೂರು.

ನಮ್ಮ ಗುರುಗಳು ಕಾವಿ ಉಟ್ಟವರಲ್ಲ, ಪುಸ್ತಕ ಬೈಂಡ್ ಮಾಡುತ್ತಿದ್ದವರು. ಕೈಯಲ್ಲಿ ಅಂಟು, ಬಾಯಲ್ಲಿ ವೇದಾಂತ. ಖಾಲಿ ಕೈಯಲ್ಲಿ ಕೂತವರು ಪ್ರಶ್ನೆ ಕೇಳುವಂತಿಲ್ಲ, ಹಾಳೆ ಮಡಿಸುತ್ತಲೇ ಕೇಳಬೇಕು ಎಂಬುದು ಅವರ ಕಟ್ಟಳೆ. ನೀನು ಬಂದ ಮೇಲೆ ಅಲ್ಲಿ ಮಡಿಸದ ಹಾಳೆಯೇ ಉಳಿಯುತ್ತಿರಲಿಲ್ಲ. ‘ಪ್ರಶ್ನೇಶ್ವರ ಬಂದ, ಇನ್ನೊಂದು ಕಟ್ಟು ಬಿಚ್ಚಿ’ ಅನ್ನುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ನೀನು ಕೇಳಿದೆ: ‘ನಾನು ನಿಮ್ಮನ್ನ ಹಿಡ್ಕೋಬೇಕಾ, ನೀವು ತೋರಿಸ್ತಿರೋದನ್ನ ಹಿಡ್ಕೋಬೇಕಾ?’ ಅವರು ಅಂಟಿನ ಕುಂಚ ಕೆಳಗಿಟ್ಟು, ‘ನಾಳೆಯಿಂದ ಬರಬೇಡ’ ಅಂದರು. ನೀನೋ ಮೂಗಿನ ತುದಿಯಲ್ಲೇ ಕೋಪದವನು. ಯಾಕೆ ಎಂದು ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಸಾವಿರ ಪ್ರಶ್ನೆ ಕೇಳಿದವನು ಕೇಳಬೇಕಾದ ಒಂದನ್ನು ಬಿಟ್ಟೆ. ವಾರದೊಳಗೆ ಊರನ್ನೂ ಬಿಟ್ಟೆ.

ನೀನು ಹೋದ ಮೇಲೆ ಅವರು, ಅಂಟು ಒಣಗುವವರೆಗೆ ಪುಸ್ತಕ ಒತ್ತಿಡುವ ಪ್ರೆಸ್ಸಿನ ತಿರುಪು ಸಡಿಲಿಸಿ ಒಂದು ಪುಸ್ತಕ ಹೊರಗೆಳೆದರು. ‘ಒಣಗಿದ ಮೇಲೂ ಒತ್ತಿಟ್ರೆ ಇದು ಓದೋರ ಕೈ ಸೇರೋದು ಯಾವಾಗಮ್ಮ? ನಿನ್ನ ತಮ್ಮಂದು ಒಣಗಿದೆ. ಇನ್ನೂ ನನ್ನ ಮುಖಾನೇ ನೋಡ್ತಾ ಕೂತ್ರೆ ತನ್ನೊಳಗೆ ನೋಡೋದು ಯಾವಾಗ?’ ಅಂದರು. ಅದು ನಿನ್ನನ್ನು ಹೊರಗೆ ಹಾಕಿದ ಮಾತಲ್ಲವೋ, ದಡ್ಡ. ಗುರು ಶಿಷ್ಯನಿಗೆ ಕೊಡಬಹುದಾದ ಕೊನೆಯ ಪಾಠ ಅದೇ. ಇದನ್ನು ನಿನಗೆ ತಿಳಿಸುವುದು ತಡವಾಯಿತು.

ಆದ್ದರಿಂದ ಧೈರ್ಯವಾಗಿ ಒಪ್ಪಿಕೋ. ಯಾರನ್ನೂ ಕಾಲಿಗೆ ಕಟ್ಟಿಕೊಳ್ಳಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ನಿನಗೂ ನಿನ್ನನ್ನು ನಂಬಿ ಬಂದವರಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಕ್ಕ

ತಾ.ಕ.: ಮೇಲೆ ‘ತಡವಾಯಿತು’ ಎಂದು ಬರೆದಿದ್ದೇನೆ. ಅದು ತಡವಲ್ಲ, ಮೋಸ. ‘ಓಡಿಹೋಗಿ ಅವನಿಗೆ ಇದನ್ನ ಹೇಳು’ ಎಂದು ಗುರುಗಳು ಆವತ್ತೇ ಕಳಿಸಿದ್ದರು. ಅವರ ಬಳಿಗೆ ನಿನಗಿಂತ ಆರು ವರ್ಷ ಮೊದಲು ಹೋದವಳು ನಾನು, ನಿನ್ನನ್ನು ಕೈಹಿಡಿದು ಕರೆದೊಯ್ದವಳೂ ನಾನೇ. ನನಗೆ ಸಿಗದ್ದು ನಿನಗೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದೆ. ‘ಹೇಳಿದ್ಯಾ?’ ಅಂದರು. ‘ಹೇಳಿದೆ’ ಅಂದೆ. ಒಂಬತ್ತು ವರ್ಷ ಆ ಸುಳ್ಳು ಇಟ್ಟುಕೊಂಡೇ ಅವರ ಮುಂದೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತೆ. ನಿನ್ನ ಕಾಗದ ಬಂದಾಗ ಅವರಿನ್ನೂ ಇದ್ದರು. ತೋರಿಸಿದರೆ ಸಿಕ್ಕಿಬೀಳುತ್ತೇನೆಂದು ಬೀರುವಿನಲ್ಲಿ ಬಚ್ಚಿಟ್ಟೆ. ಹೋಗುವ ಹಿಂದಿನ ದಿನ ತಾವಾಗಿಯೇ ನಿನ್ನ ಮಾತೆತ್ತಿದರು. ‘ಅಷ್ಟು ಹೇಳಿ ಕಳಿಸಿದ್ರೂ ಒಂದು ಸಾಲು ಬರೀಲಿಲ್ಲ ನೋಡು ಅವನು’ ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.