ಅಡ್ಜಸ್ಟ್ ಮಾಡಿಕೊಂಡವರು

ಏಪ್ರಿಲ್ 21, ಸೋಮವಾರ. ಸಂಜೆ

ಹಲ್ಲಿನ ಸೆಟ್ಟು ಮತ್ತೆ ಸಡಿಲ. ತಾಳಗುಂದದಿಂದ ಶಿಕಾರಿಪುರಕ್ಕೆ ಬಸ್ಸು. ಮೂವರ ಸೀಟಿನಲ್ಲಿ ನಾಲ್ವರು. ಕಂಡಕ್ಟರ್ — "ಯಜಮಾನ್ರೇ, ಸ್ವಲ್ಪ ಅಡ್ಜಸ್ಟ್ ಮಾಡ್ರಿ." ಸರಿದೆ. ಅಲ್ಲಿ ಡಾಕ್ಟರೂ ಅದೇ — "ಅಡ್ಜಸ್ಟ್ ಮಾಡಿಕೊಡ್ತೀನಿ, ಕೂತ್ಕೊಳ್ಳಿ." ಉಜ್ಜಿ ಕೊಟ್ಟರು. ಈಗ ರೊಟ್ಟಿ ಹರಿಯುತ್ತದೆ.

ಒಂದೇ ಶಬ್ದ. ಒಬ್ಬರಿಗೆ ಸರಿಯುವುದು, ಇನ್ನೊಬ್ಬರಿಗೆ ಉಜ್ಜುವುದು. ಬಿ.ಎ.ಯಲ್ಲಿ ಮೇಷ್ಟ್ರು ಓದಿಸಿದ್ದು ಬೇರೆಯೇ... ಹಿ ಅಡ್ಜಸ್ಟೆಡ್ ಹಿಸ್ ಸ್ಪೆಕ್ಟಕಲ್ಸ್ ಅಂಡ್... ಅಂಡ್ ಏನು ಮಾಡಿದ? ನೆನಪಿಲ್ಲ. ಹೆಂಡತಿ ನಾಗವೇಣಿ ಇದ್ದಿದ್ದರೆ "ಕನ್ನಡದಾಗೆ ಹೇಳ್ರಿ, ಉಣ್ಣಾಕೆ ಹೊತ್ತಾತು" ಅನ್ನುತ್ತಿದ್ದಳು. ಅವಳು ತೀರಿಹೋಗಿ ಮೂರು ವರ್ಷ.

ಏಪ್ರಿಲ್ 23, ಬುಧವಾರ

ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಿ ಬಂದೆ. ವಾಣಿಶ್ರೀಗೂ ಹೊಸಬಾಳೆಯ ಶ್ರೀನಾಥನಿಗೂ ಮೇ 14ಕ್ಕೆ. "ಹೆಸರೆಲ್ಲ ಅಡ್ಜಸ್ಟ್ ಮಾಡಿದೀನಿ ಸಾರ್" ಅಂದ ಪ್ರೆಸ್ಸಿನವನು. ಅಂದರೆ ಅಕ್ಷರ ಸಣ್ಣದು ಮಾಡಿ ತುರುಕಿದ್ದಾನೆ. ಕಣ್ಣಿಗೆ ಹತ್ತಿರ ಹಿಡಿದು ಓದಿದೆ. ಧಾರೆ ಎರೆದು ಕೊಡುವವರು — ಚಿಕ್ಕಬೀರಪ್ಪ ದಂಪತಿ.

ಚಿಕ್ಕಬೀರಪ್ಪ ನನ್ನ ತಮ್ಮ. ಮಗಳು ನನ್ನವಳು.

ಫೋನ್ ಮಾಡಿದೆ.

"ಅಣ್ಣ, ಹೆಂಡ್ತಿ ಇಲ್ದೋರು ಧಾರೆ ಎರಿಯಂಗಿಲ್ಲ, ಗೊತ್ತಿಲ್ಲೇನು? ಗಂಡಿನ ಕಡೇರೂ ಜೋಡಿ ಬೇಕು ಅಂದಾರೆ. ನಾನೂ ಹೂವಮ್ಮನೂ ನಿಂತ್ಕಂತೀವಿ. ಅಡ್ಜಸ್ಟ್ ಮಾಡ್ಕಾ."

ಇಲ್ಲಿ ಅದರ ಅರ್ಥ — ಬಾಯಿ ಮುಚ್ಚು.

ಏಪ್ರಿಲ್ 24

ವಾಣಿಗೆ ಹೇಳಲೇಬೇಕಾಯಿತು.

"ನೀನು ಎರೀದಿದ್ರೆ ನಾನು ಹಸೆಮಣೆ ಮ್ಯಾಲೆ ಕೂರಲ್ಲ."

"ತಮಾಷೆ ಮಾಡಬೇಡ ಮಗಾ."

"ನನ್ನ ಮುಖ ನೋಡು. ತಮಾಷೆ ಕಾಣ್ತದೇನು?"

ನೋಡಿದೆ. ಕಾಣಲಿಲ್ಲ. ಅವಳಮ್ಮನ ಮೂಗು ಕಂಡಿತು.

ಮೇ 4, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತೂ ಇಲ್ಲ. ಸಾರಿಗೆ ಉಪ್ಪೂ ಇಲ್ಲ — ವಾಣಿ ಬೇಕಂತಲೇ ಹಾಕುವುದಿಲ್ಲ. ತಡೆಯದೆ ಇವತ್ತು ಸೊರಬದ ಬಸ್ಸು ಹತ್ತಿ ಹೊಸಬಾಳೆಗೆ ಹೋದೆ. ಶ್ರೀನಾಥನ ತಾಯಿ ನಿರ್ಮಲಮ್ಮ ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಗಂಡ ತೀರಿ ಎಂಟು ವರ್ಷವಂತೆ.

ದಾರಿಯುದ್ದ ಕಟ್ಟಿಕೊಂಡ ಭಾಷಣ ಒಪ್ಪಿಸಿದೆ — ಜೋಡಿಯೇ ಬೇಕು ಅಂತ ಹಟ ಯಾಕೆ, ತಂದೆ ನಾನು ಬದುಕಿದ್ದೇನೆ, ಇತ್ಯಾದಿ.

ಅವರು ಕೈ ಒರೆಸಿಕೊಂಡರು. "ನಮ್ದೇನು ಹಟ ಇಲ್ಲ ಮಾರಾಯ್ರೆ. ನಿಶ್ಚಿತಾರ್ಥದ ದಿನ ನಿಮ್ಮನೇಲಿ ವೀಳ್ಯದ ತಟ್ಟೆ ಹಿಡ್ಕಂಡು ನಾನು ಮುಂದೆ ಬಂದೆ. ನೀವೇ ಅಂದ್ರಿ — ತಟ್ಟೆ ಮುತ್ತೈದೇರು ಯಾರಾದ್ರೂ ಹಿಡೀಲಿ, ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ ಅಂತ. ಕೊಟ್ಟು ಒಳಗೆ ಹೋದೆ. ನಿಮ್ಮಲ್ಲಿ ಪದ್ಧತಿ ಬಿಗಿ ಅಂದ್ಕಂಡ್ವಿ. ಅದಕ್ಕೇ ಜೋಡಿ ಆಗ್ಬೇಕೇನೋ ಅಂತ ನಿಮ್ ತಮ್ಮನ ಹತ್ರ ಕೇಳಿದ್ದು."

ಅಂದಿದ್ದೆ. ನಗುನಗುತ್ತ ಅಂದಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಅಂದಷ್ಟು ಸಲೀಸಾಗಿ. ಆಮೇಲೆ ಊಟಕ್ಕೆ ಕೂತಾಗ ಅವರೆಲ್ಲಿ ಅಂತ ಕೂಡ ನೋಡಲಿಲ್ಲ.

"ತಪ್ಪಾಯ್ತು" ಅಂದೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ತೂಕದ ಮಾತಿತ್ತು, ಐ ಬೆಗ್... ಮುಂದಿನದು ಬರಲಿಲ್ಲ. "ನೀವು ಮಂಟಪಕ್ಕೆ ಬರಬೇಕು. ಮಗನ ಪಕ್ಕ ನಿಲ್ಲಬೇಕು. ನೀವು ನಿಂತರೆ ನಾನು ಎರೀತೀನಿ. ಇಲ್ಲಾಂದ್ರೆ ನಾನೂ ಹಿಂದೇನೇ."

"ಜನ ಏನಂತಾರೆ?"

"ಅನ್ನಲಿ."

"ನಿಮಗೇನ್ರೀ, ಗಂಡಸ್ರು. ನಿಮ್ಮನ್ನ ಒಂದಿನ ಬೈದು ಸುಮ್ನಾಗ್ತಾರೆ. ನನ್ನ..." ಅಷ್ಟಕ್ಕೇ ಬಿಟ್ಟು ಕಾಫಿ ತಂದರು. ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಇಲ್ಲ.

ಮೇ 5

ನಡೆದದ್ದನ್ನೆಲ್ಲ ವಾಣಿಗೆ ಹೇಳಿದೆ. ನನ್ನ ಮಾತಿನ ಸಮೇತ.

"ಅಮ್ಮ ತವರಿಗೆ ಹೋಗ್ತೀನಿ ಅಂದಾಗ್ಲೂ ಅಡ್ಜಸ್ಟ್ ಮಾಡ್ಕಾ ಅಂತಿದ್ದೆ" ಅಂದಳು. ಸಿಟ್ಟಿನಿಂದಲ್ಲ. ಸಾರಿನ ಪಾತ್ರೆ ಇಳಿಸಿ — "ಅವರು ಬರ್ದಿದ್ರೆ ಚಿಕ್ಕಪ್ಪನೇ ಎರೀಲಿ. ಕೂತ್ಕಂತೀನಿ. ನೀನು ಕರೆದೆಯಲ್ಲ, ಅದು ಸರಿ."

ತಮ್ಮನಿಗೂ ಹೇಳಿದೆ. "ಅಣ್ಣ, ನಿನಗೆ ತಲಿ ಕೆಟ್ಟದೆ" ಅಂದ.

ಸಾರಿಗೆ ಉಪ್ಪು ಬಿದ್ದಿದೆ. ಎರಡು ಸಲ ಬಿದ್ದಂತಿದೆ.

ಮೇ 14, ಬುಧವಾರ. ಬೆಳಿಗ್ಗೆ 8.40, ಛತ್ರದ ಕೋಣೆ

ಒಂಬತ್ತೂ ಕಾಲಿಗೆ ಧಾರೆ. ಹೊಸಬಾಳೆಯ ವ್ಯಾನು ಬಂತು. ನಿರ್ಮಲಮ್ಮ ಎಲ್ಲರಿಗಿಂತ ಕೊನೆಗೆ ಇಳಿದರು. ನೇರ ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು, ಕಂಬದ ಮರೆಗೆ. ಅಲ್ಲಿಗೆ ಮುಗಿಯಿತು.

ಚಿಕ್ಕಬೀರಪ್ಪ ಹೊಸ ಪಂಚೆ ಉಟ್ಟು ಎರಡು ಸಲ ಇಣುಕಿದ. "ಏನಣ್ಣ, ನಾನು ಹೋಗಲಾ?" ತಡಿ ಅಂದೆ. ಯಾಕೆ ಅಂದೆನೋ. ಹೊರಗೆ ಹೋಗಲಾರದೆ ಬರೆಯುತ್ತ ಕೂತಿದ್ದೇನೆ. ವಾಣಿಗೆ ಯಾರು ಹೇಳುವುದು...

ಬಾಗಿಲಲ್ಲಿ ಯಾರೋ. ತಮ್ಮನಲ್ಲ.

"ಏನ್ರೀ ಬೀಗರೇ, ಮಗಳ ಮದುವೆ ದಿನ ಲೆಕ್ಕ ಬರೆಯೋರ ಹಂಗೆ ಕೂತಿದೀರಿ? ಅಲ್ಲಿ ಹಾಲಿನ ಚೊಂಬು ಕಾಯ್ತಾ ಅದೆ." ನಿರ್ಮಲಮ್ಮ. ಮುಖ ಬೆವತಿದೆ. ಸೆರಗು ಸೊಂಟಕ್ಕೆ ಸಿಗಿಸಿದ್ದಾರೆ. "ನಾನು ಶ್ರೀನಾಥನ ಎಡಕ್ಕೆ ನಿಲ್ಲೋದಾ, ಬಲಕ್ಕಾ?"

ಗೊತ್ತಿಲ್ಲ ಅಂದೆ. ಬನ್ನಿ, ಇಬ್ಬರೂ ಹೋಗಿ ಪುರೋಹಿತರನ್ನೇ ಕೇಳೋಣ ಅಂದೆ. ಉಳಿದದ್ದು ರಾತ್ರಿ ಬರೆಯುತ್ತೇನೆ.