ಪೆಟ್ಟಿಗಿಯಾಗ ಉಳಿದ ನಿನ್ನ ಮೇಲ್

ಕುರುಗೋಡು,
ಸೋಮವಾರ

ಪ್ರೀತಿಯ ಫರ್ಹತ್,

ನಿಮ್ಮವ್ವ ತೀರಿಕೊಂಡ ಸುದ್ದಿ ಬರೆದು ನೀನು ಕಳಿಸಿದ ಮೇಲ್ ನಾನು ಓದಿದ್ದು ನಿನ್ನೆ. ನಲವತ್ತನೇ ದಿನಕ್ಕ ಬಾ ಅಂದಿದ್ದಿ. ಅದು ಮುಗಿದು ಹನ್ನೊಂದು ದಿನ ಆಗೈತಿ.

ಹೋದ ವರ್ಷ ಬ್ಯಾಂಕಿನ ಹೆಸರಿನ ಕಳ್ಳ ಮೇಲ್ ನಂಬಿ ಮೋಸ ಹೋಗೂದ್ರಾಗ ಇದ್ದೆ. ಆಗ ಫೋನೂ ನಂಬರೂ ಬದಲಿಸಿದೆ. ನಿನ್ನ ನಂಬರೂ ಹಳೇ ಫೋನಿನ ಸಂಗಡ ಹೋತು. ಬಳ್ಳಾರಿಯ ಕಂಪ್ಯೂಟರ್ ಅಂಗಡಿಯವರು ನನ್ನ ಮೇಲ್‌ಗೆ ಒಂದು ಕಾವಲು ಹಾಕಿಕೊಟ್ರು. ಅದನ್ನ ಹಾಕಿದ ಮ್ಯಾಲ ಯಾರಾದ್ರೂ ಮೊದಲ ಸಲ ಬರೆದ್ರ, ‘ನೀವು ಯಾರು? ಈ ಲಿಂಕ್ ಒತ್ತಿ ಖಚಿತಪಡಿಸಿ’ ಅಂತ ಅದು ತಾನೇ ಉತ್ತರ ಕಳಿಸ್ತೈತಿ. ಒತ್ತದಿದ್ದರ ಅವರ ಮೇಲ್ ಬೇರೆ ಪೆಟ್ಟಿಗಿಯಾಗ ಬೀಳ್ತೈತಿ. ದಿನಕ್ಕ ಐವತ್ತು ಬರ್ತಿದ್ದ ಕಸ ನಿಂತದ್ದು ಖರೇ. ಆದ್ರ ರಕ್ತ ಪರೀಕ್ಷೆಯ ವರದಿ ಕಳಿಸೋ ಲ್ಯಾಬಿನ ಯಂತ್ರ ಲಿಂಕ್ ಒತ್ತೂದಿಲ್ಲ. ನನ್ನ ಸಕ್ಕರೆ ವರದಿ ಹುಡುಕಾಕ ಆ ಪೆಟ್ಟಿಗಿ ತೆಗೆದಾಗ ನಿನ್ನ ಮೇಲ್ ಸಿಕ್ಕಿತು.

‘ನೀವು ಯಾರು?’ ಅನ್ನೋ ಆ ಪ್ರಶ್ನಿ ನನ್ನ ಹೆಸರಿನಿಂದಲೇ ನಿನಗ ಬಂದೈತಿ. ನಾನೇ ಹಂಗ ಕೇಳೀನಿ ಅಂತ ತಿಳಿದು ನೀನು ಸುಮ್ಮನಾದಿ ಅನಸ್ತೈತಿ. ಸಿರುಗುಪ್ಪದ ಸಾಲಿಯಾಗ ನಾವಿಬ್ಬರೂ ಟೀಚರ್ ಆಗಿದ್ದಾಗ ಮೂರು ವರ್ಷ ನಿಮ್ಮವ್ವನ ಕೈಯಾಗ ಉಂಡವಳು ನಾನು.

ಕಾವಲು ತೆಗೆಸಿಲ್ಲ. ಕಳ್ಳರ ಅಂಜಿಕೆ ಇನ್ನೂ ಐತಿ. ನಿನ್ನ ವಿಳಾಸ ಸೇರಿಸೀನಿ, ಪೆಟ್ಟಿಗೀನೂ ಈಗ ದಿನಾ ನೋಡ್ತೀನಿ. ಆದ್ರ ಇದನ್ನ ಮೇಲ್‌ನಾಗ ಬರಿಯಾಕ ಮನಸಾಗಲಿಲ್ಲ, ಅದಕ್ಕ ಈ ಕಾಗದ.

ಗುರುವಾರ ಮೊದಲ ಬಸ್ಸಿಗೆ ಬರ್ತೀನಿ. ಅಡಿಗಿ ಮಾಡಬ್ಯಾಡ, ರೊಟ್ಟಿ ಪಲ್ಯ ನಾನೇ ತರ್ತೀನಿ. ನಿಮ್ಮವ್ವನ ಕಡೀ ದಿನ ಹೆಂಗ ಕಳೆದ್ವು ಅಂತ ಸಾವಕಾಶ ಕೂತು ಹೇಳು.

ನಿನ್ನ,
ಅಕ್ಕನಾಗಮ್ಮ