ಬಾಡಬೇಕಾದ ಕುಂಡಗಳು

ಗದಗ, ೧೮ ಜನವರಿ ೧೯೫೭

ಅಡರಕಟ್ಟಿಯಲ್ಲಿರುವ ಅಪ್ಪನವರಿಗೆ ಹುಚ್ಚೀರಪ್ಪನ ನಮಸ್ಕಾರಗಳು.

ಕಾಲೇಜು ಬಿಡಿಸಿಯಾರೆಂದು ಹಿಂದಿನ ಪತ್ರದಲ್ಲಿ ಹೆದರಿ ಬರೆದಿದ್ದೆ. ಬಿಡಿಸಲಿಲ್ಲ. ಪ್ರಯೋಗಕ್ಕಾಗಿ ಆರು ಕುಂಡಗಳ ಜೋಳದ ಸಸಿಗಳನ್ನು ನೀರಿಲ್ಲದೆ ಬಾಡಿಸಬೇಕಿತ್ತು. ನಿಮ್ಮ ಮಗನಲ್ಲವೇ, ನೋಡಲಾಗದೆ ನೀರು ಹಾಕಿಬಿಟ್ಟೆ. ಹಾಕಿದ್ದನ್ನು ವಹಿಯಲ್ಲಿ ಬರೆದೂಬಿಟ್ಟೆ.

ನಮಗೆ ಸಂಶೋಧನೆ ಕಲಿಸುವ ನರಸಿಂಹಾಚಾರ್ಯ ಮಾಸ್ತರು ಅದನ್ನು ಓದಿ, “ಖರೆ ಬರದೀಯಲ್ಲ, ಅಷ್ಟ ಸಾಕು. ಮೊದಲಿಂದ ಬಿತ್ತು” ಎಂದರು. ಹೊಸ ಸಸಿಗಳನ್ನು ನನ್ನ ಕೈಗೆ ಸಿಗದಂತೆ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು.

ಇವತ್ತು ಹೋಗಿ ನೋಡಿದರೆ ಮಣ್ಣೆಲ್ಲ ಹಸಿ! ಎಂದೂ ಹೊಲಕ್ಕಿಳಿಯದ ಮಾಸ್ತರು ಕನ್ನಡಕ ಒರೆಸುತ್ತ, “ಬರಿಯಪಾ, ಮಾಸ್ತರೂ ನೀರು ಹಾಕಿದ್ರು ಅಂತ ಬರಿ” ಎಂದರು.

ಈ ಕಡೆ ಬರುವವರ ಕೈಯಲ್ಲಿ ಬಿತ್ತನೆಯ ಜೋಳ ಕೊಟ್ಟು ಕಳಿಸಿರಿ. ಎರಡು ಹಿಡಿ ಹೆಚ್ಚಿಗೇ ಇರಲಿ.

ನಿಮ್ಮ ಮಗ,
ಹುಚ್ಚೀರಪ್ಪ